ಭಾರತವನ್ನು ತನ್ನ ನಾಡಾಗಿಸಿಕೊಂಡ ವಿಜ್ಞಾನಿ: ಜೆ.ಬಿ.ಎಸ್. ಹಾಲ್ಡೇನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದರು. ನಾನು ವಿಶ್ವೇಶ್ವರಯ್ಯನವರನ್ನೋ ಕುವೆಂಪು ಅವರನ್ನೋ ಕುರಿತು ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ಆ ಹಿರಿಯರನ್ನು ಕುರಿತು ಬರೆಯಬಲ್ಲವರು ನಮ್ಮಲ್ಲಿ ಬಹುಮಂದಿ ಇದ್ದಾರೆ. ನಾನು ಆರಿಸಿಕೊಂಡವರು ಇಂಗ್ಲೆಂಡಿನಲ್ಲಿ ಹುಟ್ಟಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಭಾರತಕ್ಕೆ ಬಂದು, ಭಾರತದ ಪ್ರಜೆಯಾಗಿ ಈ ಮಣ್ಣಿನಲ್ಲಿಯೇ ಕೊನೆಯುಸಿರೆಳೆದ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ಎಂಬ ಜೀವವಿಜ್ಞಾನಿ.

ಇವರಿಗೂ ನಮ್ಮ ತಾಳವಾಡಿ ಬೆಟ್ಟಸೀಮೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನೇರವಾದ ಸಂಬಂಧವೇನೂ ಇಲ್ಲ. ಆದರೆ ಅವರು ಜೀವಮಾನವೆಲ್ಲ ಲೆಕ್ಕ ಹಾಕಿದ ಪ್ರಶ್ನೆಯೊಂದು ನಮ್ಮ ಹೊಲಗಳಲ್ಲಿಯೂ ನಮ್ಮ ಮನೆಗಳಲ್ಲಿಯೂ ಇದೆ. ಅಜ್ಜನ ಕಾಲದ ರಾಗಿಯ ಬೀಜವನ್ನು ಮೊಮ್ಮಗ ಬಿತ್ತಿದರೂ ಪೈರು ಕೆಡುವುದಿಲ್ಲ. ಆದರೆ ಅಂಗಡಿಯಿಂದ ತಂದ ಮುಸುಕಿನ ಜೋಳದ ಬೀಜ ಎರಡನೆಯ ವರ್ಷಕ್ಕೇ ಸೊರಗುತ್ತದೆ. ಇದು ಏಕೆ? ಗಂಡ ಹೆಂಡಿರಿಬ್ಬರೂ ದೃಢಕಾಯರಾಗಿರುವ ಮನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಇಬ್ಬರು ಕಿವುಡರಾಗುವುದೇಕೆ? ಈ ಎರಡು ಪ್ರಶ್ನೆಗಳಿಗೂ ಬೇರು ಒಂದೇ ಎಂಬುದನ್ನು ನನಗೆ ಮನಗಾಣಿಸಿದವರು ಹಾಲ್ಡೇನರು.

1892ರ ನವೆಂಬರ್ 5ರಂದು ಆಕ್ಸ್‌ಫರ್ಡಿನಲ್ಲಿ ಅವರ ಜನನ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಕ್ರಿಯೆಯನ್ನು ಅಭ್ಯಸಿಸಿದ ಪ್ರಸಿದ್ಧ ವಿಜ್ಞಾನಿ. ಗಣಿಗಳೊಳಗೆ ಇಳಿದು ವಿಷಾನಿಲಗಳನ್ನು ಪರೀಕ್ಷಿಸುವುದು ಅವರ ಕಾಯಕವಾಗಿತ್ತು. ಒಮ್ಮೆ ಬಾಲಕನಾದ ಮಗನನ್ನೂ ಗಣಿಯೊಳಕ್ಕೆ ಕರೆದೊಯ್ದು, ಎದ್ದು ನಿಂತು ಶೇಕ್ಸ್‌ಪಿಯರನ ನಾಟಕದ ಭಾಷಣವೊಂದನ್ನು ಹೇಳೆಂದು ಅಪ್ಪಣೆ ಮಾಡಿದರಂತೆ. ಹುಡುಗ ಸ್ವಲ್ಪ ಹೊತ್ತಿನಲ್ಲಿಯೇ ಏದುಸಿರು ಬಿಡುತ್ತ ಕುಸಿದುಬಿದ್ದ. ನೆಲದ ಮೇಲೆ ಬಿದ್ದೊಡನೆ ಉಸಿರು ಸರಾಗವಾಯಿತು. ಗಣಿಯ ಅನಿಲ ಗಾಳಿಗಿಂತ ಹಗುರ, ಅದು ಮೇಲ್ಛಾವಣಿಯಲ್ಲಿ ತಂಗುತ್ತದೆ ಎಂಬ ಪಾಠ ಹೀಗೆ ದೊರೆಯಿತು. ನಾವು ಉಪಾಧ್ಯಾಯರಾದವರು ಈ ಬೋಧನಾ ಕ್ರಮವನ್ನು ಅನುಸರಿಸಿದರೆ ಪೋಷಕರು ಸುಮ್ಮನಿರಲಾರರು! ಆದರೆ ತನ್ನ ದೇಹವನ್ನೇ ಪ್ರಯೋಗಶಾಲೆಯಾಗಿಸಿಕೊಳ್ಳುವ ಗುಣ ಮಗನಲ್ಲಿ ಅಂದಿನಿಂದಲೇ ಬೇರೂರಿತು. ಮೆಂಡೆಲನು ಬಟಾಣಿ ಗಿಡಗಳಲ್ಲಿ ಕಂಡುಕೊಂಡಿದ್ದ ಆನುವಂಶಿಕತೆಯ ನಿಯಮಗಳು 1900ರಲ್ಲಿ ಮರಳಿ ಬೆಳಕಿಗೆ ಬಂದವಷ್ಟೆ. ಮರುವರ್ಷವೇ ತಂದೆ ಈ ಬಾಲಕನನ್ನು ಆ ಕುರಿತ ಉಪನ್ಯಾಸವೊಂದಕ್ಕೆ ಕರೆದೊಯ್ದರು. ಮುಂದೆ ತಂಗಿ ನವೋಮಿ ಸಾಕಿದ ಗಿನಿಯಿಲಿಗಳಲ್ಲಿ ಅಣ್ಣ ತಂಗಿ ಇಬ್ಬರೂ ಆ ನಿಯಮಗಳನ್ನು ಪರೀಕ್ಷಿಸಿ ನೋಡಿದರು.

ಆಶ್ಚರ್ಯದ ಸಂಗತಿಯೆಂದರೆ ಹಾಲ್ಡೇನರಿಗೆ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿ ಅವರು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದದ್ದು ಗಣಿತದಲ್ಲಿ, ಬಳಿಕ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ ಹಾಗೂ ತತ್ತ್ವಶಾಸ್ತ್ರಗಳಲ್ಲಿ. ಅಷ್ಟರಲ್ಲಿ 1914ರ ಮಹಾಯುದ್ಧ ಆರಂಭವಾಯಿತು. ಅವರು ಸೇನೆಗೆ ಸೇರಿದರು. ಇಲಿಗಳ ಆನುವಂಶಿಕತೆಯನ್ನು ಕುರಿತ ಅವರ ಮೊದಲ ಪ್ರಬಂಧ 1915ರಲ್ಲಿ ಪ್ರಕಟವಾದಾಗ ಅದರ ಸಹಲೇಖಕರಲ್ಲೊಬ್ಬನಾದ ಮಿತ್ರನು ರಣರಂಗದಲ್ಲಿ ಮಡಿದಿದ್ದನು. ಮೆಸಪಟೋಮಿಯದಲ್ಲಿ ಗಾಯಗೊಂಡ ಹಾಲ್ಡೇನರನ್ನು ಚೇತರಿಸಿಕೊಳ್ಳಲೆಂದು 1917ರಲ್ಲಿ ಭಾರತಕ್ಕೆ ಕಳುಹಿಸಲಾಯಿತು. ಈ ದೇಶದ ಮೇಲಿನ ಅವರ ಮಮತೆ ಅಂದಿನದು.

ಯುದ್ಧಾನಂತರ ಕೇಂಬ್ರಿಡ್ಜಿನಲ್ಲಿಯೂ, 1933ರಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿಯೂ ಅವರು ಕೆಲಸ ಮಾಡಿದರು. ಡಾರ್ವಿನ್ನನ ವಿಕಾಸವಾದವನ್ನೂ ಮೆಂಡೆಲನ ನಿಯಮಗಳನ್ನೂ ಗಣಿತದ ಸೂತ್ರದಿಂದ ಹೆಣೆದವರು ಮೂವರು: ಇಂಗ್ಲೆಂಡಿನ ಫಿಷರ್, ಅಮೆರಿಕದ ಸಿವಾಲ್ ರೈಟ್, ಮತ್ತು ನಮ್ಮ ಹಾಲ್ಡೇನ್. 1924ರಿಂದ ಹತ್ತು ವರ್ಷಗಳ ಕಾಲ ಅವರು ಸಾಲುಸಾಲಾಗಿ ಬರೆದ ಪ್ರಬಂಧಗಳು ಈ ಶಾಸ್ತ್ರಕ್ಕೆ ಅಡಿಗಲ್ಲು.

ಈಗ ಮುಖ್ಯ ವಿಷಯಕ್ಕೆ ಬರೋಣ. ಪ್ರತಿಯೊಂದು ಜೀವಿಯ ಪ್ರತಿಯೊಂದು ಕಣದಲ್ಲಿಯೂ ವಂಶವಾಹಿಗಳಿವೆ ಎಂಬುದನ್ನು ಹತ್ತನೆಯ ತರಗತಿಯಲ್ಲಿ ಓದಿದವರೆಲ್ಲರೂ ಬಲ್ಲರು. ಒಂದೊಂದು ವಂಶವಾಹಿಗೂ ಎರಡು ಪ್ರತಿಗಳು, ತಂದೆಯಿಂದ ಒಂದು, ತಾಯಿಯಿಂದ ಒಂದು. ಹಳೆಯ ಓಲೆಗರಿಯನ್ನು ನಕಲು ಮಾಡುವ ಲಿಪಿಕಾರನ ಕೈ ಅಲ್ಲಲ್ಲಿ ತಪ್ಪುವಂತೆ, ತಲೆಮಾರಿನಿಂದ ತಲೆಮಾರಿಗೆ ವಂಶವಾಹಿ ನಕಲಾಗುವಾಗಲೂ ತಪ್ಪುಗಳು ನುಸುಳುತ್ತವೆ. ಇದಕ್ಕೆ ಉತ್ಪರಿವರ್ತನೆಯೆಂದು ಹೆಸರು. ಜೀವಿಯ ಮೇಲೆ ಪರಿಣಾಮ ಬೀರುವ ಉತ್ಪರಿವರ್ತನೆಗಳಲ್ಲಿ ಹೆಚ್ಚಿನವು ಹಾನಿಕರ. ಇವು ಎಷ್ಟು ಸಲ ಸಂಭವಿಸುತ್ತವೆ ಎಂಬುದನ್ನು ಮನುಷ್ಯನಲ್ಲಿ ಮೊದಲಿಗೆ ಅಂದಾಜು ಮಾಡಿದವರೂ ಹಾಲ್ಡೇನರೇ. ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ರೋಗಿಗಳಲ್ಲಿ ಅನೇಕರು ಅಂದಿನ ಕಾಲದಲ್ಲಿ ಸಂತಾನವಿಲ್ಲದೆ ಸಾಯುತ್ತಿದ್ದರು. ಆದರೂ ರೋಗ ಅಳಿಯಲಿಲ್ಲ. ಹಾಗಾದರೆ ಅಳಿದಷ್ಟೇ ಹೊಸದಾಗಿ ಹುಟ್ಟುತ್ತಿರಬೇಕು. ಈ ತರ್ಕದಿಂದ 1935ರಲ್ಲಿ ಅವರು ಕಂಡುಕೊಂಡ ಉತ್ತರ: ಒಂದು ತಲೆಮಾರಿಗೆ ಸುಮಾರು 50,000 ವಂಶವಾಹಿಗಳಲ್ಲಿ ಒಂದು.

1937ರಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಉಗ್ರವಾದ ದೋಷವು ಜೀವಿಯನ್ನು ಬೇಗ ಕೊಂದು ತಾನೂ ಬೇಗ ಅಳಿಯುತ್ತದೆ. ಮೃದುವಾದ ದೋಷವು ಅನೇಕ ತಲೆಮಾರು ಉಳಿದು ಹಲವರನ್ನು ಸ್ವಲ್ಪಸ್ವಲ್ಪವೇ ಕುಗ್ಗಿಸುತ್ತದೆ. ಒಟ್ಟು ನಷ್ಟದ ಲೆಕ್ಕ ಹಾಕಿದರೆ ಎರಡೂ ಸಮ. ಕುಲದ ಮೇಲೆ ಬೀಳುವ ಹೊರೆ ದೋಷದ ಉಗ್ರತೆಯನ್ನು ಅವಲಂಬಿಸಿಲ್ಲ, ದೋಷ ಎಷ್ಟು ಸಲ ಹೊಸದಾಗಿ ಹುಟ್ಟುತ್ತದೆ ಎಂಬುದನ್ನು ಅವಲಂಬಿಸಿದೆ. ಒಂದೇ ಸಲಕ್ಕೆ ತೀರಿಸಿದ ಸಾಲಕ್ಕೂ ಕಂತುಕಂತಾಗಿ ತೀರಿಸಿದ ಸಾಲಕ್ಕೂ ಅಸಲು ಒಂದೇ ಇದ್ದಂತೆ.

ಆದರೆ ದೋಷವನ್ನು ಹೊರಗೆಡಹುವ ರೀತಿ ಎಲ್ಲ ಜೀವಿಗಳಲ್ಲಿ ಒಂದೇ ಅಲ್ಲ. ನಮ್ಮ ರಾಗಿಯನ್ನೇ ತೆಗೆದುಕೊಳ್ಳಿ. ರಾಗಿಯ ಹೂವು ಅತಿ ಸಣ್ಣದು. ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಬೇರೆ ಗಿಡದ ಪರಾಗ ತಗಲುವುದು ನೂರಕ್ಕೆ ಒಂದರಷ್ಟು ಮಾತ್ರ. ಇದು ಸ್ವಕೀಯ ಪರಾಗಸ್ಪರ್ಶ. ಇಂಥ ಗಿಡವೊಂದರಲ್ಲಿ ಒಂದು ಪ್ರತಿ ಸರಿ, ಒಂದು ಪ್ರತಿ ಕೆಟ್ಟದ್ದು ಇದ್ದರೆ, ಅದರ ಸಂತತಿಯಲ್ಲಿ ಕಾಲುಭಾಗ ಪೂರ್ಣ ನಿರ್ದೋಷಿ, ಕಾಲುಭಾಗ ಪೂರ್ಣ ದೋಷಿ, ಅರ್ಧಭಾಗ ಮಿಶ್ರ. ತಲೆಮಾರಿಗೊಮ್ಮೆ ಮಿಶ್ರದ ಪಾಲು ಅರ್ಧಕ್ಕಿಳಿಯುತ್ತ ಹೋಗಿ ಐದನೆಯ ತಲೆಮಾರಿಗೆ 32ರಲ್ಲಿ ಒಂದು, ಹತ್ತನೆಯದಕ್ಕೆ 1,024ರಲ್ಲಿ ಒಂದು ಉಳಿಯುತ್ತದೆ. ಅಡಗಿ ಕುಳಿತ ದೋಷಕ್ಕೆ ಅವಿತುಕೊಳ್ಳಲು ಮರೆಯೇ ಇಲ್ಲ. ಹೊರಬಿದ್ದ ದೋಷಿ ಸಸಿ ಸಾಯುತ್ತದೆ, ಸಾಯುವಾಗ ಕೆಟ್ಟ ಪ್ರತಿಗಳೆರಡನ್ನೂ ಒಟ್ಟಿಗೆ ಕೊಂಡೊಯ್ಯುತ್ತದೆ. ಮಿಶ್ರ ಜೀವಿ ಸತ್ತರೆ ಹೋಗುವುದು ಒಂದೇ ಪ್ರತಿ. ಆದುದರಿಂದ ಹಾಲ್ಡೇನರ ಲೆಕ್ಕದ ಹಾದಿಯಲ್ಲಿ ನೋಡಿದರೆ, ಮಿಶ್ರ ಜೀವಿಗೂ ಅಷ್ಟಿಷ್ಟು ತೊಂದರೆ ಕೊಡುವಂಥ ದೋಷಗಳ ವಿಷಯದಲ್ಲಿ, ಪರಕೀಯ ಪರಾಗಸ್ಪರ್ಶದ ಕುಲ ಹೊರುವ ಹೊರೆಯ ಅರ್ಧದಷ್ಟನ್ನು ಮಾತ್ರ ಸ್ವಕೀಯ ಪರಾಗಸ್ಪರ್ಶದ ಕುಲ ಹೊರುತ್ತದೆ. ಸಾವಿರಾರು ವರ್ಷ ಕಳೆ ಕೀಳಿಸಿಕೊಂಡ ಹೊಲ ನಮ್ಮ ರಾಗಿ. ಅದಕ್ಕೇ ನಮ್ಮ ಹಿರಿಯರು ಒಳ್ಳೆಯ ತೆನೆಯನ್ನು ಆರಿಸಿ ಬೀಜಕ್ಕೆಂದು ತೆಗೆದಿಟ್ಟರೆ ಸಾಕಾಗಿತ್ತು.

ಮುಸುಕಿನ ಜೋಳದ ಸಂಗತಿ ತದ್ವಿರುದ್ಧ. ಅದರ ಸೂಲಂಗಿಯ ಪರಾಗವನ್ನು ಗಾಳಿ ಹೊತ್ತೊಯ್ದು ಬೇರೊಂದು ಗಿಡದ ತೆನೆಗೆ ಮುಟ್ಟಿಸುತ್ತದೆ. ಕೆಟ್ಟ ಪ್ರತಿ ಒಂದಿದ್ದರೂ ಒಳ್ಳೆಯದೊಂದರ ಆಸರೆಯಲ್ಲಿ ಅವಿತು ಮುಂದೆ ಸಾಗುತ್ತದೆ. ಇಂಥ ಜೋಳವನ್ನು ಬಲವಂತವಾಗಿ ತನ್ನ ಪರಾಗದಿಂದಲೇ ಕಾಳು ಕಟ್ಟಿಸಿದರೆ ಕುಳ್ಳು ಗಿಡಗಳು, ಹಸಿರೇ ಇಲ್ಲದ ಬಿಳಿಯ ಸಸಿಗಳು ಹೊರಬೀಳುತ್ತವೆ. ಸ್ವಕೀಯ ಪರಾಗಸ್ಪರ್ಶದಿಂದ ಸಸ್ಯಗಳು ಸೊರಗುವುದನ್ನು ಡಾರ್ವಿನ್ ಹನ್ನೊಂದು ವರ್ಷ ಪ್ರಯೋಗ ನಡೆಸಿ 1876ರಲ್ಲಿ ಗ್ರಂಥವಾಗಿ ಪ್ರಕಟಿಸಿದ್ದನು. ಆತನ ಪತ್ನಿ ಎಮ್ಮಾ ಸೋದರಮಾವನ ಮಗಳು. ಹತ್ತು ಮಕ್ಕಳಲ್ಲಿ ಮೂವರು ಬಾಲ್ಯದಲ್ಲಿಯೇ ತೀರಿಕೊಂಡಿದ್ದರು. ಗಿಡಗಳ ಮೇಲಿನ ಆ ಶ್ರದ್ಧೆಯ ಹಿಂದೆ ತಂದೆಯೊಬ್ಬನ ಆತಂಕವೂ ಇತ್ತು. ಇಂದು ನಮ್ಮ ರೈತರು ಕೊಳ್ಳುವ ಹೈಬ್ರಿಡ್ ಬೀಜವೆಂದರೆ, ಹೀಗೆ ತಲೆಮಾರುಗಟ್ಟಲೆ ಸ್ವಕೀಯವಾಗಿ ಬೆಳೆಸಿ ಉಗ್ರ ದೋಷಗಳನ್ನು ಕಳೆದುಕೊಂಡ ಎರಡು ಬಡಕಲು ತಳಿಗಳ ಸಂಕರ. ಒಂದರ ಉಳಿದ ಕುಂದನ್ನು ಇನ್ನೊಂದು ಮುಚ್ಚುತ್ತದೆ, ಬೆಳೆ ಹುಲುಸಾಗುತ್ತದೆ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಮುಚ್ಚಿದ ಕುಂದುಗಳು ಹೊರಬೀಳಲು ತೊಡಗುತ್ತವೆ.

ಹಾಗೆಂದು ರಾಗಿಯ ದಾರಿಯೇ ಶ್ರೇಷ್ಠವೆಂದು ತೀರ್ಮಾನಿಸಬಾರದು. ಕೊಲ್ಲುವಷ್ಟು ಉಗ್ರವಲ್ಲದ ಸಣ್ಣ ದೋಷವೊಂದು ಸ್ವಕೀಯ ತಳಿಯಲ್ಲಿ ಎರಡೂ ಪ್ರತಿಗಳಿಗೆ ವ್ಯಾಪಿಸಿ ನೆಲೆಯೂರಿದರೆ, ಬೇರೆ ತಳಿಯ ಕೂಟವಿಲ್ಲದೆ ಅದನ್ನು ಕಳೆದುಕೊಳ್ಳುವ ಉಪಾಯವೇ ಇಲ್ಲ. ಹೀಗೆ ಒಂದರ ಮೇಲೊಂದು ಸೇರುತ್ತ ಹೋಗುವುದನ್ನು ಹಿಂದಕ್ಕೆ ತಿರುಗದ ಹಲ್ಲುಚಕ್ರಕ್ಕೆ ಹೋಲಿಸುವುದುಂಟು. ಈ ವಿಚಾರವನ್ನು ಮುಂದಿಟ್ಟವರು ಅಮೆರಿಕದ ಮುಲ್ಲರ್. ಬೇರೆಬೇರೆ ತಳಿಗಳಲ್ಲಿರುವ ಒಳ್ಳೆಯ ಗುಣಗಳನ್ನು ಒಂದೆಡೆ ಕೂಡಿಸುವುದಕ್ಕೂ ಸಂಕರ ಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ನಮ್ಮ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಕೂಟ ಮಾಡಿಸಿ ‘ಇಂಡಾಫ್’ ತಳಿಗಳನ್ನು ಪಡೆದುದು ಈ ಕಾರ್ಯಕ್ಕಾಗಿಯೇ. ಅತಿ ಸಣ್ಣದಾದ ಹೂವಿನಲ್ಲಿ ಆ ಕೆಲಸ ಸಾಧಿಸಿದ ಆ ಪುಣ್ಯಾತ್ಮರ ಚರಿತ್ರೆಯನ್ನು ಬೇರೊಬ್ಬರು ಬರೆಯಲಿ ಎಂದು ಹಾರೈಸುತ್ತೇನೆ.

ಹಾಲ್ಡೇನರ ಸ್ವಭಾವ ಒರಟು, ಮಾತು ಖಾರ. ಜಲಾಂತರ್ಗಾಮಿ ನೌಕೆಗಳಲ್ಲಿ ಸಿಕ್ಕಿಬಿದ್ದವರನ್ನು ಉಳಿಸುವ ಮಾರ್ಗ ಹುಡುಕಲು ಒತ್ತಡದ ಕೋಣೆಯಲ್ಲಿ ತಾವೇ ಕುಳಿತು, ಬಂದ ಸೆಳವಿನಿಂದ ಬೆನ್ನೆಲುಬಿಗೆ ಪೆಟ್ಟು ಮಾಡಿಕೊಂಡವರು ಅವರು. ಕಮ್ಯುನಿಸ್ಟ್ ಪಕ್ಷದಲ್ಲಿದ್ದು, ಸೋವಿಯತ್ ದೇಶದಲ್ಲಿ ಲೈಸೆಂಕೋ ಎಂಬಾತನು ವಂಶವಾಹಿಶಾಸ್ತ್ರವನ್ನೇ ಹತ್ತಿಕ್ಕಿದಾಗ ಬಹುಕಾಲ ತೂಗಾಡಿ, ಕಡೆಗೆ 1950ರ ಸುಮಾರಿಗೆ ಪಕ್ಷದಿಂದ ದೂರವಾದರು. ಅವರ ಬಾಳಿನಲ್ಲಿ ನನಗೆ ಮೆಚ್ಚಿಕೆಯಾಗದ ಭಾಗ ಇದೊಂದೇ. ಸ್ಪಷ್ಟವಾಗಿ ಮಾತನಾಡಬೇಕಾದಾಗ ಅವರು ತಡಮಾಡಿದರು.

1956ರಲ್ಲಿ ಬ್ರಿಟನ್ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ದಾಳಿ ಮಾಡಿದುದನ್ನು ಖಂಡಿಸಿ, 1957ರ ಜುಲೈನಲ್ಲಿ ಪತ್ನಿ ಹೆಲೆನ್ ಸ್ಪರ್ವೆಯವರೊಂದಿಗೆ ಕಲ್ಕತ್ತೆಗೆ ಬಂದರು. ಪ್ರೊಫೆಸರ್ ಮಹಲನೋಬಿಸ್ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಅವರನ್ನು ಬರಮಾಡಿಕೊಂಡರು. ಹಾಲ್ಡೇನರು ಧೋತಿ ಕುರ್ತಾ ಧರಿಸಿದರು, ಮಾಂಸಾಹಾರ ತ್ಯಜಿಸಿದರು, 1961ರಲ್ಲಿ ಭಾರತದ ಪೌರತ್ವ ಪಡೆದರು. ಬಡದೇಶದಲ್ಲಿ ದುಬಾರಿ ಯಂತ್ರಗಳಿಲ್ಲದೆಯೂ ಉನ್ನತ ವಿಜ್ಞಾನ ಸಾಧ್ಯವೆಂಬುದು ಅವರ ದೃಢ ನಂಬಿಕೆ. ಅವರ ಶಿಷ್ಯರಲ್ಲೊಬ್ಬರು ಪಾರಿಜಾತದ ಹೂವುಗಳ ದಳಗಳನ್ನು ಎಣಿಸಿದರು, ಒಬ್ಬರು ತೆಂಗಿನ ಗರಿಗಳು ಎಡಕ್ಕೆ ಸುತ್ತುತ್ತವೆಯೋ ಬಲಕ್ಕೋ ಎಂದು ನೋಡಿದರು, ಮತ್ತೊಬ್ಬರಾದ ಕೃಷ್ಣ ದ್ರೋಣಂರಾಜು ಅವರು ಲಂಟಾನದ ಯಾವ ಬಣ್ಣದ ಹೂವಿಗೆ ಯಾವ ಚಿಟ್ಟೆ ಬರುತ್ತದೆಂದು ಗುರುತಿಸಿದರು. ನಮ್ಮ ಕಾಡುಗಳನ್ನೆಲ್ಲ ನುಂಗುತ್ತಿರುವ ಆ ಲಂಟಾನದಲ್ಲಿಯೂ ಕಲಿಯುವುದಿತ್ತು! ಸಂಸ್ಥೆಯೊಡನೆ ಭಿನ್ನಾಭಿಪ್ರಾಯ ಬಂದು 1961ರಲ್ಲಿ ರಾಜೀನಾಮೆಯಿತ್ತ ಹಾಲ್ಡೇನರು 1962ರಲ್ಲಿ ಭುವನೇಶ್ವರದಲ್ಲಿ ಹೊಸ ಪ್ರಯೋಗಾಲಯವನ್ನು ಕಟ್ಟತೊಡಗಿದರು.

ದಕ್ಷಿಣ ಭಾರತದ ವಿವಾಹ ಪದ್ಧತಿ ಈ ತಂಡದ ಆಸಕ್ತಿಯನ್ನು ಸೆಳೆಯಿತು. ಅಕ್ಕನ ಮಗಳನ್ನು ತಮ್ಮನಿಗೆ ತರುವುದು, ಸೋದರಮಾವನ ಮಗಳನ್ನು ಅಥವಾ ಸೋದರತ್ತೆಯ ಮಗನನ್ನು ಮದುವೆಯಾಗುವುದು ನಮ್ಮಲ್ಲಿ ಶತಮಾನಗಳಿಂದ ನಡೆದುಬಂದ ರೂಢಿಯಷ್ಟೆ. ದ್ರೋಣಂರಾಜು ಅವರು ಆಂಧ್ರದಲ್ಲಿ ಇಂಥ ವಿವಾಹಗಳ ಪ್ರಮಾಣವನ್ನೂ ಪರಿಣಾಮವನ್ನೂ ಸಮೀಕ್ಷೆ ಮಾಡಿದರು. 1962ರಲ್ಲಿ ಹಾಲ್ಡೇನರು ಸುರೇಶ ಜಯಾಕರ್ ಅವರೊಡನೆ ಮಾನವ ಬಂಧುತ್ವದ ಬಗೆಗಳನ್ನು ಎಣಿಸಿ ವರ್ಗೀಕರಿಸುವ ಪ್ರಬಂಧವನ್ನು ಬರೆದರು. ಬಂಧುತ್ವ ಹೆಚ್ಚಿದಂತೆ, ಒಬ್ಬನೇ ಪೂರ್ವಿಕನ ಒಂದೇ ಪ್ರತಿ ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಮಗುವಿಗೆ ಬರುವ ಸಂಭವ ಹೆಚ್ಚುತ್ತದೆ. ತನ್ನಿಂದ ತಾನೇ ಫಲಿಸುವ ರಾಗಿಯಲ್ಲಿ ಒಂದು ತಲೆಮಾರಿಗೆ ಆ ಸಂಭವ ಎರಡರಲ್ಲಿ ಒಂದು. ಸೋದರಮಾವ ಮತ್ತು ಅಕ್ಕನ ಮಗಳ ಮಗುವಿನಲ್ಲಿ ಎಂಟರಲ್ಲಿ ಒಂದು. ಸೋದರತ್ತೆ, ಸೋದರಮಾವಂದಿರ ಮಕ್ಕಳು ಮದುವೆಯಾದರೆ ಹದಿನಾರರಲ್ಲಿ ಒಂದು. ಚಿಕ್ಕಪ್ಪನ ಮಗಳನ್ನು ತಂಗಿಯೆಂದು ದೂರವಿಡುವ ನಾವು ಅತ್ತೆಯ ಮಗಳನ್ನು ಹೆಂಡತಿಯೆಂದು ಒಪ್ಪುತ್ತೇವೆ. ಗಣಿತಕ್ಕೆ ಈ ಭೇದವಿಲ್ಲ, ಎರಡೂ ಹದಿನಾರರಲ್ಲಿ ಒಂದೇ.

ಈ ಪದ್ಧತಿಯನ್ನು ಅಜ್ಞಾನವೆಂದು ಹೀಗಳೆಯುವವನು ನಾನಲ್ಲ. ತುಂಡು ಭೂಮಿ ಕೈಬಿಡಬಾರದು, ಮಗಳು ಕಾಣದ ಊರಿನಲ್ಲಿ ಕಣ್ಣೀರಿಡಬಾರದು ಎಂಬ ಕಾಳಜಿ ಅದರ ಹಿಂದಿದೆ. ಆದರೆ ಶಾಲೆಯ ದಾಖಲಾತಿಯ ಪುಸ್ತಕ ನನ್ನ ಕೈಯಲ್ಲಿದ್ದ ಅಷ್ಟೂ ವರ್ಷಗಳಲ್ಲಿ, ಒಂದೇ ಮನೆಯ ಎರಡು ಮೂರು ಮಕ್ಕಳು ಮಾತು ಬಾರದೆ, ಕಿವಿ ಕೇಳದೆ ಬಾಗಿಲಲ್ಲಿ ನಿಂತುದನ್ನು ಕಂಡಿದ್ದೇನೆ. ಊರಿನವರು ಅದನ್ನು ದೇವರ ಮುನಿಸೆಂದರು, ಅನೇಕ ಕಡೆ ತಾಯಿಯ ಪಾಪವೆಂದರು. ಹುಟ್ಟುಕಿವುಡಿನಲ್ಲಿ ಬಹಳಷ್ಟು ಬಗೆಗಳು ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ತಲೆದೋರುವಂಥವು. ಅಲ್ಲಿ ತಾಯಿಯಿಂದ ಬಂದುದು ಎಷ್ಟೋ ತಂದೆಯಿಂದ ಬಂದುದೂ ಅಷ್ಟೆ. ಇಬ್ಬರಿಗೂ ಅದು ಒಬ್ಬನೇ ಅಜ್ಜನಿಂದಲೋ ಅಜ್ಜಿಯಿಂದಲೋ ಇಳಿದುಬಂದಿರಬಹುದು. ಸೊಸೆಯೊಬ್ಬಳನ್ನೇ ದೂರುವುದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ.

ಇಷ್ಟು ಕಾಲದಿಂದ ಸೋದರ ಸಂಬಂಧ ಮಾಡುತ್ತಿರುವ ನಮ್ಮ ಜನ ರಾಗಿಯಂತೆ ದೋಷಗಳನ್ನು ಕಳೆದುಕೊಂಡಿರಬೇಕಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ವಿಜ್ಞಾನಿಗಳೂ ಕೇಳಿದ್ದಾರೆ. ಸಾಂಘ್ವಿಯವರು 1966ರಲ್ಲಿ ಹಾಗೆ ಆಗಿರಬಹುದೆಂದು ವಾದಿಸಿದರು. 1970ರ ದಶಕದಲ್ಲಿ ನಮ್ಮ ರಾಜ್ಯದ ಉತ್ತರ ಆರ್ಕಾಟ್ ಜಿಲ್ಲೆಯಲ್ಲಿ ವೆಲ್ಲೂರಿನ ಸಂಶೋಧಕರು ಕಂಡ ವ್ಯತ್ಯಾಸವೂ ಅಲ್ಪವೇ. ಆದರೆ ಬೆಂಗಳೂರಿನಲ್ಲಿ ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷಿಸಿದಾಗ ಆನುವಂಶಿಕ ರೋಗಗಳು ಸೋದರ ಸಂಬಂಧದ ಮಕ್ಕಳಲ್ಲಿ ಹೆಚ್ಚಾಗಿ ಕಂಡುಬಂದವು. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ವಿಚಾರಿಸಿದ 1,07,518 ತಾಯಂದಿರಲ್ಲಿ ನೂರಕ್ಕೆ 31.4 ಮಂದಿ ಬಂಧುಗಳನ್ನೇ ವರಿಸಿದ್ದವರು. ಅಷ್ಟಾದರೂ, ಮಗುವಿನಲ್ಲಿ ಎರಡು ಪ್ರತಿಗಳೂ ಒಂದೇ ಮೂಲದವಾಗುವ ಸರಾಸರಿ ಸಂಭವ ನೂರಕ್ಕೆ ಮೂರು ಮಾತ್ರ. ರಾಗಿಯಲ್ಲಿ ಅದು ಹತ್ತಿರ ಹತ್ತಿರ ನೂರಕ್ಕೆ ನೂರು. ನೂರಕ್ಕೆ ಮೂರರಿಂದ ನಡೆಯುವ ಕಳೆ ಕೀಳುವ ಕೆಲಸ ಬಹು ನಿಧಾನ. ಅಷ್ಟರಲ್ಲಿ ಹೊಸ ಕಳೆ ಹುಟ್ಟುತ್ತಲೇ ಇರುತ್ತದೆ. ಅಲ್ಲದೆ ಹೊಲದಲ್ಲಿ ಕಿತ್ತುಹೋಗುವುದು ಸಸಿ, ಮನೆಯಲ್ಲಿ ಬರಿದಾಗುವುದು ತೊಟ್ಟಿಲು.

ಅತಿಯಾದ ಭಯವೂ ಬೇಡ. ಅನೇಕ ದೇಶಗಳ ಅಂಕಿ ಅಂಶಗಳನ್ನು ಕೂಡಿಸಿ 2010ರಲ್ಲಿ ಪ್ರಕಟವಾದ ಅಂದಾಜಿನಂತೆ, ಅತ್ತೆ ಮಾವಂದಿರ ಮಕ್ಕಳ ನಡುವಣ ವಿವಾಹದಲ್ಲಿ ಹುಟ್ಟಿದ ಮಕ್ಕಳು ಪ್ರಾಯಕ್ಕೆ ಬರುವ ಮೊದಲೇ ತೀರಿಕೊಳ್ಳುವ ಪ್ರಮಾಣ ಇತರರಿಗಿಂತ ನೂರಕ್ಕೆ ಮೂರೂವರೆಯಷ್ಟು ಅಧಿಕ. ಅಂದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಆದರೆ ಮನೆತನದಲ್ಲಿ ಈಗಾಗಲೇ ಇಂಥ ಮಗುವಿದ್ದರೆ ಲೆಕ್ಕವೇ ಬೇರೆ: ತಂದೆ ತಾಯಿಗಳಿಬ್ಬರಲ್ಲಿಯೂ ಒಂದೊಂದು ಕೆಟ್ಟ ಪ್ರತಿಯಿದ್ದಲ್ಲಿ ಪ್ರತಿ ಹೆರಿಗೆಗೂ ನಾಲ್ಕರಲ್ಲಿ ಒಂದು ಸಂಭವ. ಸಂಬಂಧ ಕುದುರಿಸುವ ಮುನ್ನ, ಕನಿಷ್ಠ ಪಕ್ಷ ಬಸಿರಿಯಾದೊಡನೆ, ವೈದ್ಯರ ಮುಂದೆ ಈ ಮಾತನ್ನು ಮುಚ್ಚಿಡದೆ ಹೇಳಬೇಕೆಂದು ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ 28, ಕರ್ನಾಟಕದಲ್ಲಿ 27ರಷ್ಟು ಮಹಿಳೆಯರು ಬಂಧುಗಳನ್ನು ವಿವಾಹವಾದವರು. ಗಡಿಯ ಎರಡು ಕಡೆಯೂ ನಂಟಸ್ತನವಿರುವ ನಮಗೆ ಎರಡು ಅಂಕಿಗಳೂ ಅನ್ವಯಿಸುತ್ತವೆ.

ಈ ಸಂಶೋಧನೆಗಳಲ್ಲಿ ಹೆಚ್ಚಿನವನ್ನು ನೋಡಲು ಹಾಲ್ಡೇನರು ಇರಲಿಲ್ಲ. 1963ರ ಕೊನೆಯಲ್ಲಿ ಲಂಡನ್ನಿಗೆ ಹೋಗಿದ್ದಾಗ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಯ ಬಳಿಕ ಆಸ್ಪತ್ರೆಯಲ್ಲಿಯೇ ತಮ್ಮ ರೋಗವನ್ನು ಕುರಿತು ಹಾಸ್ಯದ ಪದ್ಯವೊಂದನ್ನು ಬರೆದು, ಲಕ್ಷಣ ಕಂಡೊಡನೆ ನಾಚಿಕೆಪಡದೆ ವೈದ್ಯರನ್ನು ಕಾಣಿರೆಂದು ಜನರಿಗೆ ತಿಳಿಸಿದರು. ತಮ್ಮ ಮರಣವಾರ್ತೆಯೊಡನೆ ಪ್ರಸಾರವಾಗಬೇಕಾದ ಭಾಷಣವನ್ನೂ ತಾವೇ ಬಿಬಿಸಿಗಾಗಿ ಮುದ್ರಿಸಿಕೊಟ್ಟರು. ಭುವನೇಶ್ವರಕ್ಕೆ ಹಿಂದಿರುಗಿ 1964ರ ಡಿಸೆಂಬರ್ 1ರಂದು ನಿಧನರಾದರು. ಅವರ ಉಯಿಲಿನ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ವಿದ್ಯಾರ್ಥಿಗಳ ಅಧ್ಯಯನಕ್ಕಾಗಿ ಆಂಧ್ರದ ಕಾಕಿನಾಡದಲ್ಲಿರುವ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು.